ಇಪ್ಪತ್ತೆರಡು ಅಡಿಯ ದೋಣಿಗೆ ಒಂದು ಲಿವರ್, ಒಂದು ಕೆಂಪು ಗುಂಡಿ

ನವೆಂಬರ್ ತಿಂಗಳ ಎರಡನೇ ಭಾನುವಾರ, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷಕ್ಕೆ, ಮುಂಬಯಿ ಪಕ್ಕದ ವಾಶಿಯ ಖಾಡಿಯಲ್ಲಿ, ಅಂದರೆ ಒಳನಾಡಿಗೆ ಚಾಚಿದ ಸಮುದ್ರದ ಹಿನ್ನೀರಿನಲ್ಲಿ, ಒಂದು ಹಳೆಯ ಧಕ್ಕೆಗೆ ಇಪ್ಪತ್ತೆರಡು ಅಡಿ ಉದ್ದದ ಹಾಯಿದೋಣಿಯೊಂದು ಬಂದು ಬಡಿಯಿತು. ಹಾಯಿ ಇಳಿಸಿಯಾಗಿತ್ತು, ದೋಣಿ ಎಂಜಿನ್ ಮೇಲೆ ಬರುತ್ತಿತ್ತು. ನಿಲ್ಲಬೇಕಾಗಿದ್ದ ಎಂಜಿನ್ ಕೊನೆಯ ನಾಲ್ಕೈದು ಸೆಕೆಂಡು ಪೂರ್ತಿ ವೇಗದಲ್ಲಿತ್ತು. ದೋಣಿಯಲ್ಲಿ ಇಬ್ಬರಿದ್ದರು, ತಂದೆ ಮತ್ತು ಮಗಳು. ಹಗ್ಗ ಹಿಡಿಯಲು ಧಕ್ಕೆಯ ಕೆಳಗಿನ ಮೆಟ್ಟಿಲ ಮೇಲೆ, ದೋಣಿ ನೋಡಿಕೊಳ್ಳುವ ಒಬ್ಬ ತಾಂಡೇಲ ನಿಂತಿದ್ದ. ಅವನು ಎಡಗಾಲು ಎಳೆದುಕೊಂಡ. ರಬ್ಬರ್ ಚಪ್ಪಲಿ ಅಲ್ಲೇ ಉಳಿಯಿತು. ದೋಣಿಯ ಮೂತಿಗೂ ಕಲ್ಲಿಗೂ ನಡುವೆ ಸಿಕ್ಕಿ ಅದು ಎರಡು ತುಂಡಾಯಿತು. ಯಾರಿಗೂ ಪೆಟ್ಟಾಗಲಿಲ್ಲ.

ನಾನು ಅಲ್ಲಿರಲಿಲ್ಲ. ಮೇಲಿನದು ಮೂವರನ್ನೂ ಬೇರೆ ಬೇರೆಯಾಗಿ ಕೇಳಿ ಬರೆದುಕೊಂಡದ್ದು. ಡೊಂಬಿವಲಿಯ ಕೈಗಾರಿಕಾ ವಲಯದಲ್ಲಿ ನನ್ನದೊಂದು ಶೆಡ್ ಇದೆ. ಲಿವರ್‌ಗಳು, ಅವುಗಳಿಂದ ಎಂಜಿನ್‌ಗೆ ಹೋಗುವ ಕೇಬಲ್‌ಗಳು ಅಲ್ಲಿ ತಯಾರಾಗುತ್ತವೆ. ಹೆಚ್ಚಿನವು ಟೆಂಪೊಗಳಿಗೆ, ಕೆಲವು ಮೀನುಗಾರರ ದೋಣಿಗಳಿಗೆ. ಹಾಯಿದೋಣಿಯ ಕೆಲಸ ಅದುವರೆಗೆ ಬಂದಿರಲಿಲ್ಲ. ಮಂಗಳವಾರ ಫೋನ್ ಬಂತು.

"ನಮಸ್ಕಾರ ಮಾರಾಯ್ರೆ. ನೀವು ಕನ್ನಡದವರು ಅಂತ ಗೊತ್ತಾಯ್ತು. ನನ್ನದೊಂದು ದೋಣಿ ಉಂಟು. ಅದಕ್ಕೆ ಬ್ರೇಕ್ ಇಲ್ಲ."

"ಯಾವ ದೋಣಿಗೂ ಬ್ರೇಕ್ ಇರೂದಿಲ್ರೀ," ಅಂದೆ.

"ಅದೇ ಹೇಳುದು. ಒಂದು ಮಾಡಿಕೊಡಿ."

ಮಾತಾಡಿದವರು ದೋಣಿಯ ಮಾಲೀಕರು. ಉಡುಪಿ ಕಡೆಯವರು, ಅರವತ್ತು ದಾಟಿದವರು. ವಾಶಿಯ ಸಗಟು ಮಾರುಕಟ್ಟೆಯ ಪಕ್ಕದಲ್ಲಿ ಹೋಟೆಲು ನಡೆಸಿ, ಈಗ ಅದನ್ನು ಪಾಲುದಾರನಿಗೆ ಬಿಟ್ಟಿದ್ದರು. ಖಾಡಿಯ ಜನ ಅವರನ್ನು ಶೇಠ್ ಎನ್ನುತ್ತಿದ್ದರು. ಮಗಳಿಗೆ ಮೂವತ್ತು ವರ್ಷ, ಖಾರಘರದಲ್ಲಿ ಬೇರೆ ಮನೆ, ಆಫೀಸಿನ ಕೆಲಸ. ದೋಣಿ ನಡೆಸಲು ಕಲಿತಿದ್ದವಳು ಅವಳು. ದೋಣಿ ಕೊಂಡವರು ಅವರು. ವಾರದಲ್ಲಿ ಇಬ್ಬರೂ ಒಟ್ಟಿಗೆ ಕಳೆಯುತ್ತಿದ್ದದ್ದು ಭಾನುವಾರದ ನಾಲ್ಕೈದು ಗಂಟೆ, ಆ ದೋಣಿಯಲ್ಲಿ. ಧಕ್ಕೆಗೆ ಬಡಿದ ದಿನ ಮಗಳು ಒಂದು ಮಾತು ಹೇಳಿ ಹೋಗಿದ್ದಳು. ಇನ್ನೊಂದು ಸಲ ಹೀಗಾದರೆ ತಾನು ದೋಣಿ ಹತ್ತುವುದಿಲ್ಲ, ಅಪ್ಪನನ್ನೂ ಹತ್ತಲು ಬಿಡುವುದಿಲ್ಲ ಎಂದು. ಇದನ್ನು ನನಗೆ ಹೇಳಿದವರು ಮಾಲೀಕರೇ, ಫೋನ್ ಇಡುವ ಮುಂಚೆ, ಸ್ವರ ತಗ್ಗಿಸಿ.

ಶನಿವಾರ ಡೊಂಬಿವಲಿಯಿಂದ ಠಾಣೆಗೆ, ಅಲ್ಲಿ ಗಾಡಿ ಬದಲಿಸಿ ವಾಶಿಗೆ ಹೋದೆ. ಧಕ್ಕೆ ಖಾಡಿಯ ಮೇಲಿನ ಸೇತುವೆಯಿಂದ ದಕ್ಷಿಣಕ್ಕಿದೆ. ಉಬ್ಬರದ ಹೊತ್ತಿಗೆ ನೀರು ಸೇತುವೆಯ ಕಡೆಗೆ ನುಗ್ಗುತ್ತದೆ, ಇಳಿತದಲ್ಲಿ ಸಮುದ್ರದ ಕಡೆಗೆ ಹೋಗುತ್ತದೆ. ಈ ದೋಣಿಯ ಹಾಯಿ ಕಟ್ಟುವ ಕೂವೆಮರ ಸೇತುವೆಯ ಕೆಳಗೆ ಹಾಯುವುದಿಲ್ಲ. ತಾಂಡೇಲ ಮೊದಲು ಹೇಳಿದ ಸಂಗತಿ ಇದು, ಬೆರಳು ತೋರಿಸಿ. ಎರಡನೆಯದಾಗಿ ತನ್ನ ಕಾಲು ತೋರಿಸಿದ. ಬಲಗಾಲಿನಲ್ಲಿ ಹಳೆ ನೀಲಿ ಚಪ್ಪಲಿ, ಎಡಗಾಲಿನಲ್ಲಿ ಹೊಸ ಕಪ್ಪು ಚಪ್ಪಲಿ.

"ಪಾಯ್ ವಾಚ್ಲಾ, ಚಪ್ಪಲ್ ಗೇಲೀ," ಅಂದ. ಕಾಲು ಉಳಿಯಿತು, ಚಪ್ಪಲಿ ಹೋಯಿತು. ನಕ್ಕ. ಆಮೇಲೆ ಒಂದು ಗಂಟೆ ಅವನು ನಗಲಿಲ್ಲ.

ದೋಣಿಯ ಹಿಂಭಾಗದಲ್ಲಿ ಜನ ಕೂರುವ ತೆರೆದ ತಗ್ಗನ್ನು ಕಾಕ್‌ಪಿಟ್ ಎನ್ನುತ್ತಾರೆ. ಇದರದ್ದು ಆರು ಅಡಿ ಉದ್ದ, ಎರಡೂ ಕಡೆ ಬೆಂಚು. ತುದಿಯಲ್ಲಿ ಚುಕ್ಕಾಣಿಯ ಮರದ ಹಿಡಿ. ಎದುರಿನ ತುದಿಯಲ್ಲಿ ಕ್ಯಾಬಿನ್‌ಗೆ ಇಳಿಯುವ ಮೆಟ್ಟಿಲು, ಮೆಟ್ಟಿಲ ಕೆಳಗೆ ಒಂದು ಸಿಲಿಂಡರಿನ ಡೀಸೆಲ್ ಎಂಜಿನ್. ಗೇರು ಕಾಕ್‌ಪಿಟ್ಟಿನ ನೆಲದಿಂದ ಎದ್ದ ಒಂದು ಕಬ್ಬಿಣದ ಸರಳು. ವೇಗ ಏರಿಸುವ ಲಿವರ್ ಮೆಟ್ಟಿಲ ಬಲಗೋಡೆಯಲ್ಲಿ, ಮುಂದಕ್ಕೆ ಒತ್ತಿದರೆ ವೇಗ ಹೆಚ್ಚು. ಅದರಿಂದ ಒಂದು ಗೇಣು ಕೆಳಗೆ ಬುಗುರಿಯ ಆಕಾರದ ಕೆಂಪು ಗುಂಡಿ. ಅದನ್ನು ಹೊರಗೆ ಎಳೆದರೆ ಕೇಬಲ್ ಎಂಜಿನ್ನಿನ ಒಂದು ಚಿಕ್ಕ ತೋಳನ್ನು ಎಳೆಯುತ್ತದೆ, ಡೀಸೆಲ್ ನಿಲ್ಲುತ್ತದೆ, ಎಂಜಿನ್ ಸಾಯುತ್ತದೆ. ಮತ್ತೆ ಒಳಗೆ ತಳ್ಳುವವರೆಗೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ.

ಚುಕ್ಕಾಣಿ ಹಿಡಿದವರಿಗೆ ವೇಗದ ಲಿವರೂ ಎಟುಕದು, ಗುಂಡಿಯೂ ಎಟುಕದು. ಹಿಂದಿನ ಮಾಲೀಕರು ಮೆಟ್ಟಿಲ ಮೇಲೆ ಒಬ್ಬ ಖಲಾಸಿಯನ್ನು ಕೂರಿಸುತ್ತಿದ್ದರಂತೆ. ಅವರು ಕೂಗುವುದು, ಅವನು ಮಾಡುವುದು. ಈಗ ಆ ಜಾಗದಲ್ಲಿ ಕೂರುತ್ತಿದ್ದವರು ಅಪ್ಪ, ಕೂಗುತ್ತಿದ್ದವಳು ಮಗಳು.

"ಕಾಕಾ, ಬಾಬಾಂನಾ ಐಕೂ ಯೇತ್ ನಾಹೀ," ಎಂದಳು ಮಗಳು. ಅಪ್ಪನಿಗೆ ಕಿವಿ ಕೇಳುವುದಿಲ್ಲ ಎಂದು. ಅಪ್ಪ ಎರಡು ಮಾರು ದೂರದಲ್ಲಿ ನಿಂತು ಹಗ್ಗ ಸುತ್ತುತ್ತಿದ್ದರು.

"ಕೇಳ್ತದೆ," ಅಂದರು, ತಲೆ ಎತ್ತದೆ.

ಅವರು ಕನ್ನಡದಲ್ಲಿ ಹೇಳುವುದು, ಅವಳು ಮರಾಠಿಯಲ್ಲಿ ಉತ್ತರಿಸುವುದು, ಅದು ಅವರ ನಡುವಿನ ವಾಡಿಕೆ. ನಾನು ಬೆಳಗಾವಿ ಕಡೆಯವನು. ಎರಡೂ ಭಾಷೆ ನನ್ನ ಕಿವಿಗೆ ಒಂದೇ ಬಾಗಿಲಿನಿಂದ ಬರುತ್ತವೆ. ಹಾಗಾಗಿ ಆ ದಿನ ನನಗೆ ಏನೂ ಹೊಳೆಯಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದದ್ದು ಇಷ್ಟು: ಮಾಲೀಕರಿಗೆ ಶ್ರವಣ ದೋಷ, ಪರೀಕ್ಷೆಗೆ ಮಗಳು ಸಮಯ ತೆಗೆದುಕೊಂಡಿದ್ದಾಳೆ.

ಲಿವರ್ ಆರಿಸುವ ಕೆಲಸ ರಟ್ಟಿನಿಂದ ಶುರುವಾಯಿತು. ಪೇಟೆಯಲ್ಲಿ ಸಿಗುವವು ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಗೇರಿಗೊಂದು, ವೇಗಕ್ಕೊಂದು, ಜೋಡಿ ಲಿವರ್. ಎರಡನೆಯದು ಕಂಬದ ಮೇಲೆ ಕೂರುವ ಒಂಟಿ ಲಿವರ್. ಮೂರನೆಯದು ಪಕ್ಕದ ಗೋಡೆಗೆ ಕೂರುವ ಒಂಟಿ ಲಿವರ್. ಅದರ ಯಂತ್ರಭಾಗ ಗೋಡೆಯ ಒಳಗೆ, ಹಿಡಿ ಮಾತ್ರ ಹೊರಗೆ. ಒಂಟಿ ಲಿವರಿನಲ್ಲಿ ನೆಟ್ಟಗೆ ನಿಂತರೆ ನ್ಯೂಟ್ರಲ್, ಮುಂದೆ ಒತ್ತಿದರೆ ಮುಂದಿನ ಗೇರು, ಇನ್ನೂ ಒತ್ತಿದರೆ ವೇಗ, ಹಿಂದೆಯೂ ಹಾಗೆಯೇ. ಮೂರರದ್ದೂ ಅಳತೆಗೆ ರಟ್ಟು ಕತ್ತರಿಸಿ, ಲೋಕಲ್ ರೈಲಿನ ಸಾಮಾನಿನ ಬೋಗಿಯಲ್ಲಿ ಹೊತ್ತು ತಂದೆ. ಮೀನಿನ ಬುಟ್ಟಿಯ ಹೆಂಗಸೊಬ್ಬಳು ಅದರಿಂದಲೇ ಗಾಳಿ ಹಾಕಿಕೊಂಡಳು.

ಮಗಳನ್ನು ಬೆಂಚಿನ ಮೇಲೆ ಕೂರಿಸಿ, ಬಲಗೈಯಲ್ಲಿ ಚುಕ್ಕಾಣಿ ಹಿಡಿಸಿ, ಕಣ್ಣು ಮುಚ್ಚಲು ಹೇಳಿ, ಎಡಗೈ ಸಹಜವಾಗಿ ಎಲ್ಲಿ ಬೀಳುತ್ತದೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಹತ್ತು ಸಲ. ನಿಂತು ಹತ್ತು ಸಲ. ಇಪ್ಪತ್ತರಲ್ಲಿ ಹದಿನಾಲ್ಕು ಗುರುತು ಎಡಗೋಡೆಯ ಮೇಲೆ, ಒಂದು ಅಂಗೈಯಷ್ಟು ಜಾಗದೊಳಗೆ ಬಿದ್ದವು. ಕಂಬದ ಮೇಲಿನ ಲಿವರ್ ಮೊದಲ ದಿನವೇ ಹೋಯಿತು. ಕಾಕ್‌ಪಿಟ್ಟಿನ ನಡುವೆ ಕಂಬ ನಿಂತರೆ ಜನ ದಾಟಲು ಜಾಗವಿಲ್ಲ. ಜೋಡಿ ಲಿವರ್ ಎರಡನೇ ದಿನ ಹೋಯಿತು. ಒಂದು ಕೈಯಲ್ಲಿ ಚುಕ್ಕಾಣಿ ಇರುವಾಗ ಎರಡು ಲಿವರಿಗೆ ಉಳಿಯುವುದು ಒಂದೇ ಕೈ. ಉಳಿದದ್ದು ಗೋಡೆಯ ಒಂಟಿ ಲಿವರ್. ಗೋಡೆಯ ಹಿಂದೆ ಯಂತ್ರಭಾಗಕ್ಕೆ ಐದು ಇಂಚು ಆಳ ಬೇಕು, ಕೇಬಲ್ ಬಾಗಲು ಎಂಟು ಇಂಚು. ಬಲಗಡೆ ಡೀಸೆಲ್ ಕೊಳವೆ ಅಡ್ಡ. ಎಡಗಡೆ ಖಾಲಿ. ಕೈ ಬಿದ್ದ ಜಾಗವೂ ಎಡವೇ ಆದದ್ದು ಅನುಕೂಲವಾಯಿತು.

ಆ ಅನುಕೂಲ ಒಂದು ವಾರ ಬಾಳಿತು. ಲಿವರನ್ನು ತಾತ್ಕಾಲಿಕವಾಗಿ ಎರಡು ಸ್ಕ್ರೂನಿಂದ ಕೂರಿಸಿ, ದೋಣಿ ಕಟ್ಟಿದ್ದಂತೆಯೇ ಹಾಯಿ ಏರಿಸಿ, ಹಾಯಿಯ ಅಡ್ಡಮರವನ್ನು ಒಂದು ಬದಿಯಿಂದ ಇನ್ನೊಂದಕ್ಕೆ ಹಾಯಿಸಿ ನೋಡಿದೆವು. ಮೂರನೇ ಸಲ ಹಾಯಿಯ ಹಗ್ಗ ಸಡಿಲಾಗಿ, ಕುಣಿಕೆಯಾಗಿ, ಲಿವರಿನ ಹಿಡಿಗೆ ಬಿದ್ದು, ಅದನ್ನು ನ್ಯೂಟ್ರಲ್‌ನಿಂದ ಪೂರ್ತಿ ಮುಂದಕ್ಕೆ ಎಳೆಯಿತು. ಎಂಜಿನ್ ಓಡುತ್ತಿರಲಿಲ್ಲ, ಕೇಬಲ್ ಇನ್ನೂ ಜೋಡಿಸಿರಲಿಲ್ಲ. ಯಾರೂ ಮುಟ್ಟದೆ ಹಿಡಿ ಮುಂದಕ್ಕೆ ಬಾಗಿದ್ದನ್ನು ನಾವು ನಾಲ್ವರೂ ನೋಡಿದೆವು. ತಾಂಡೇಲ ಕೈಯಲ್ಲಿದ್ದ ಬೀಡಿ ಹೊತ್ತಿಸಲಿಲ್ಲ.

ಅದಕ್ಕೆ ಪರಿಹಾರ ಗೋಡೆಯೊಳಗೆ ಒಂದು ಗೂಡು. ಶೆಡ್ಡಿನಲ್ಲಿ ಅಚ್ಚು ಮಾಡಿ, ಫೈಬರಿನ ಗೂಡು ಎರಕ ಹೊಯ್ದು, ಹಿಡಿ ಗೋಡೆಯ ಮಟ್ಟದಿಂದ ಹೊರಗೆ ಚಾಚದಂತೆ ಒಳಗೆ ಕೂರಿಸಿದೆ. ಬೆರಳು ಹೋಗುತ್ತದೆ, ಹಗ್ಗ ಹೋಗುವುದಿಲ್ಲ. ಇದಕ್ಕೆ ಎರಡು ವಾರ ಹಿಡಿಯಿತು. ಕೇಬಲ್ ಜೋಡಿಸಿದ ಮೇಲೆ ಲಿವರ್ ಮುಂದೆ ಒತ್ತಿದರೆ ದೋಣಿ ಹಿಂದೆ ಹೋಗುತ್ತಿತ್ತು. ಎಡಗೋಡೆಗೆ ಕೂರಿಸಿದಾಗ ಯಂತ್ರ ಕನ್ನಡಿಯಂತೆ ತಿರುಗಿರುತ್ತದೆ. ಕೇಬಲನ್ನು ಎದುರಿನ ತೂತಿಗೆ ಹಾಕಬೇಕು. ಇದು ನನಗೆ ಗೊತ್ತಿದ್ದ ವಿಷಯ. ಮರೆತಿದ್ದೆ. ದೋಣಿ ಕಟ್ಟಿದ್ದಾಗಲೇ ತಿಳಿದದ್ದರಿಂದ ಹಗ್ಗ ಮಾತ್ರ ಜಗ್ಗಿತು.

ಈ ನಡುವೆ ಕಿವಿಯ ಪರೀಕ್ಷೆಯ ವರದಿ ಬಂತು. ಎರಡೂ ಕಿವಿ ವಯಸ್ಸಿಗೆ ತಕ್ಕಂತೆ ಸರಿಯಾಗಿವೆ ಎಂದಿತ್ತು. ಮಾಲೀಕರು ಅದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿ ದೋಣಿಗೆ ತಂದಿದ್ದರು. ಮಗಳು ಓದಿ ವಾಪಸ್ಸು ಕೊಟ್ಟಳು. ಕಿವಿ ಸರಿಯಿದ್ದೂ ಗುಂಡಿ ಎಳೆಯಬೇಕಾದಲ್ಲಿ ಲಿವರ್ ಒತ್ತುವುದು ಇನ್ನೂ ಕೆಟ್ಟದ್ದನ್ನು ಸೂಚಿಸುತ್ತದೆ ಎಂದು ಅವಳು ಯೋಚಿಸುತ್ತಿದ್ದಳು. ಮುಂದಿನ ವಾರ ತಲೆಯ ಸ್ಕ್ಯಾನ್‌ಗೆ ಹೆಸರು ಬರೆಸಿದ್ದಾಳೆ ಎಂದು ಆಮೇಲೆ ತಿಳಿಯಿತು.

ಡಿಸೆಂಬರ್ ಎರಡನೇ ಶನಿವಾರ ನಿಲ್ಲಿಸುವ ಗುಂಡಿಯ ಹೊಸ ಕೇಬಲನ್ನು ನೆಲದ ಕೆಳಗೆ ಹಾಯಿಸುತ್ತಿದ್ದೆವು. ಒಂಟಿ ಲಿವರ್ ಗೇರು ಮತ್ತು ವೇಗವನ್ನು ಮಾತ್ರ ನೋಡುತ್ತದೆ. ಎಂಜಿನ್ ಕೊಲ್ಲಲು ಗುಂಡಿ ಬೇರೆಯೇ ಬೇಕು. ಅದನ್ನೂ ಚುಕ್ಕಾಣಿಯ ಬಳಿಗೆ, ಲಿವರಿನ ಪಕ್ಕಕ್ಕೆ ತರುವುದೆಂದು ತೀರ್ಮಾನಿಸಿದ್ದೆ. ನಾನು ಎಂಜಿನ್ ಪೆಟ್ಟಿಗೆಯಲ್ಲಿ ಮಲಗಿ ಕೇಬಲಿನ ತುದಿ ಹಿಡಿದಿದ್ದೆ. ಮಗಳು ನಡುವೆ ಬೆಂಚಿನ ಕೆಳಗೆ. ಮಾಲೀಕರು ಹಿಂದಿನ ತುದಿಯಲ್ಲಿ ಕೇಬಲಿನ ಸುರುಳಿ ಹಿಡಿದು ನಿಂತಿದ್ದರು. ನನ್ನ ತೋರುಬೆರಳು ಕೇಬಲಿನ ತುದಿಯ ಕೊಕ್ಕೆಗೂ ಕಬ್ಬಿಣದ ಪಟ್ಟಿಗೂ ನಡುವೆ ಸಿಕ್ಕಿತು. "ಸಿಕ್ಕತು, ಸಿಕ್ಕತು," ಎಂದೆ. ಮಗಳು ಗಾಬರಿಯಿಂದ ಹಿಂದಕ್ಕೆ ಕೂಗಿದಳು.

"ಓಢ ಬಾಬಾ, ಓಢ!"

ಮರಾಠಿಯಲ್ಲಿ ಎಳೆ ಎಂದರ್ಥ. ಮಾಲೀಕರು ಎಳೆಯಲಿಲ್ಲ. ಇದ್ದ ಸುರುಳಿಯನ್ನೆಲ್ಲ ಬಿಚ್ಚಿ ಸರಸರನೆ ಒಳಕ್ಕೆ ತಳ್ಳಿದರು. ಉಗುರು ಕಪ್ಪಾಯಿತು. ಹೊರಗೆ ಬಂದು, ಬೆರಳನ್ನು ನೀರಿನ ಬಾಟಲಿಯಲ್ಲಿ ಅದ್ದಿಕೊಂಡು ಕೇಳಿದೆ.

"ಆಕಿ ಏನಂದಳ್ರೀ ಈಗ?"

"ಓಡು ಅಂದಳಲ್ಲ. ಓಡ್ಸಿದೆ."

"ಅವತ್ತು ಧಕ್ಕಿ ಹತ್ರ?"

"ಅವತ್ತೂ ಅದೇ. ಓಡು, ಓಡು ಅಂದಳು. ಇಷ್ಟು ಹತ್ರ ಬಂದು ಯಾಕಪ್ಪ ಓಡ್ಸುದು ಅಂತ ಕಂಡಿತು. ಆದ್ರೆ ಚುಕ್ಕಾಣಿ ಅವಳದ್ದಲ್ವಾ? ಕೊಟ್ಟೆ ಪೂರ್ತಿ."

ಮಗಳು ಬೆಂಚಿನ ಕೆಳಗಿನಿಂದ ಅರ್ಧ ಹೊರಗೆ ಬಂದಿದ್ದವಳು ಅಲ್ಲೇ ನಿಂತಳು. "ಮೀ ಓಢ ಮ್ಹಣಾಲೇ ಹೋತೇ," ಎಂದಳು ನಿಧಾನವಾಗಿ. ನಾನು ಎಳೆ ಎಂದಿದ್ದೆ.

"ಈಗ ಗೊತ್ತಾಯ್ತು ಮಗಾ. ನಲವತ್ತು ವರ್ಷ ಆಯ್ತು ಈ ಊರಲ್ಲಿ, ಓಢ ಅಂದ್ರೆ ಎಂಥ ಅಂತ ಗೊತ್ತಿಲ್ವಾ? ಕೂತ್ಕೊಂಡು ಕೇಳಿದ್ರೆ ಗೊತ್ತುಂಟು. ಕೂಗಿದ್ರೆ ಊರಿನದ್ದೇ ಕೇಳ್ತದೆ." ಆಮೇಲೆ ನನ್ನ ಕಡೆ ತಿರುಗಿ, "ನಮ್ಮ ತುಳುವಿನಲ್ಲಿ ಓಡ ಅಂದ್ರೆ ದೋಣಿ. ದೋಣಿ ದೋಣಿ ಅಂತ ಕೂಗ್ತಾಳೆ ಅಂತ ನಿಂತ್ಕೊಂಡಿದ್ರೂ ಆಗ್ತಿತ್ತು. ಚಪ್ಪಲಿ ಉಳಿತಿತ್ತು."

ಮಗಳು ನಗಲು ಹೋಗಿ ಅತ್ತಳು. ಸ್ಕ್ಯಾನ್ ರದ್ದಾಯಿತು. ಇನ್ನು ಮುಂದೆ ಕನ್ನಡದಲ್ಲಿ ಕೂಗುತ್ತೇನೆ ಎಂದಳು, ಮರಾಠಿಯಲ್ಲೇ.

ನಾನು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಗಾಬರಿಯಲ್ಲಿ ಅವಳ ಬಾಯಿಗೆ ಯಾವುದು ಬರುತ್ತದೆ, ಗಾಬರಿಯಲ್ಲಿ ಅವರ ಕಿವಿಗೆ ಯಾವುದು ಕೇಳುತ್ತದೆ, ಎರಡೂ ಅವರ ಕೈಯಲ್ಲಿರಲಿಲ್ಲ. ಆ ದಿನ ನೋಟ್‌ಬುಕ್ಕಿನಲ್ಲಿ ಬರೆದ ಸಾಲು: ಒಬ್ಬರ ಬಾಯಿಂದ ಇನ್ನೊಬ್ಬರ ಕೈಗೆ ಹೋಗಬೇಕಾದ ಯಾವ ಕೆಲಸವೂ ಈ ಕಾಕ್‌ಪಿಟ್ಟಿನಲ್ಲಿ ಇರಕೂಡದು. ಗೇರು, ವೇಗ, ನಿಲುಗಡೆ, ಮೂರೂ ಚುಕ್ಕಾಣಿ ಹಿಡಿದವರ ಎಡಗೈಗೆ. ಮೆಟ್ಟಿಲ ಬಳಿಯದ್ದೆಲ್ಲ ತೆಗೆಯುವುದು.

ಇದನ್ನು ಓದಿ ಹೇಳಿದಾಗ ಮಾಲೀಕರು ಕೇಳಿದರು: "ಹಾಗಾದ್ರೆ ನಾನು ಎಂಥ ಮಾಡುದು? ಚಾ ಮಾಡುದಾ?"

"ಆರಾಮ ಕೂಡ್ರಿ."

"ಹೋಟ್ಲಲ್ಲಿ ಆಯುಷ್ಯ ಪೂರ್ತಿ ಚಾ ಮಾಡಿಯಾಯ್ತು. ಇಲ್ಲಿಯೂ ಅದೇಯಾ?" ಕೆಂಪು ಗುಂಡಿಯ ಮೇಲೆ ಕೈ ಇಟ್ಟರು. "ಇದೊಂದು ಇರ್ಲಿ ಮಾರಾಯ್ರೆ. ಅವಳಿಗೆ ಏನಾದ್ರೂ ಆದ್ರೆ, ನೀರಿಗೆ ಬಿದ್ದಳು ಅಂತ ಇಟ್ಟುಕೊಳ್ಳಿ, ಎಂಜಿನ್ ನಿಲ್ಸುದು ಯಾರು?"

ಪ್ರಶ್ನೆಯಲ್ಲಿ ಹುರುಳಿತ್ತು. ಮಗಳೂ ಇರಲಿ ಎಂದಳು. ನಾನು ಒಪ್ಪಿದೆ. ಈ ಒಪ್ಪಿಗೆ ನನ್ನದು. ಯಾರೂ ಒತ್ತಾಯ ಮಾಡಲಿಲ್ಲ.

ಒಂದೇ ತೋಳಿಗೆ ಎರಡು ಕೇಬಲ್ ಜೋಡಿಸಲು ಉದ್ದ ಸೀಳಿನ ಎರಡು ಕೊಂಡಿ ಮಾಡಿದೆ. ಒಂದು ಗುಂಡಿ ಎಳೆದರೆ ತೋಳು ಬರುತ್ತದೆ, ಇನ್ನೊಂದರ ಕೊಂಡಿ ಸೀಳಿನಲ್ಲಿ ಜಾರಿ ಸುಮ್ಮನಿರುತ್ತದೆ. ಹೊಸ ಗುಂಡಿಯಿಂದ ನಿಲ್ಲಿಸಿ, ಒಳಗೆ ತಳ್ಳಿ, ಸ್ಟಾರ್ಟ್ ಮಾಡಿ ನೋಡಿದೆ. ಹಳೆ ಗುಂಡಿಯಿಂದ ನಿಲ್ಲಿಸಿ, ಒಳಗೆ ತಳ್ಳಿ, ಸ್ಟಾರ್ಟ್ ಮಾಡಿ ನೋಡಿದೆ. ಎರಡೂ ಸರಿ. ಒಂದನ್ನು ಹೊರಗೇ ಬಿಟ್ಟು, ಇನ್ನೊಂದನ್ನು ಮಾತ್ರ ತಳ್ಳಿ ಸ್ಟಾರ್ಟ್ ಮಾಡಿ ನೋಡಲಿಲ್ಲ.

ಡಿಸೆಂಬರ್ ಮೂರನೇ ಭಾನುವಾರ ನೀರಿನ ಮೇಲೆ ಪರೀಕ್ಷೆ. ಅಮಾವಾಸ್ಯೆಗೆ ಎರಡು ದಿನ ಇತ್ತು. ಎಂಟು ಗಂಟೆಗೆ ಉಬ್ಬರ ಜೋರಾಗಿತ್ತು, ಗಾಳಿ ಇರಲಿಲ್ಲ. ಮಗಳು ಚುಕ್ಕಾಣಿಯಲ್ಲಿ, ನಾನು ಅವಳ ಎದುರಿನ ಬೆಂಚಿನಲ್ಲಿ, ಮಾಲೀಕರು ಮೆಟ್ಟಿಲ ಮೇಲೆ ನಮ್ಮ ಕಡೆ ಮುಖ ಮಾಡಿ, ತಾಂಡೇಲ ಮೂತಿಯಲ್ಲಿ ಲಂಗರಿನ ಪಕ್ಕ. ಕ್ರಮ ಸರಳ: ಖಾಡಿಯ ನಡುವೆ ಹೋಗಿ ಎಂಜಿನ್ ನಿಲ್ಲಿಸುವುದು, ಮತ್ತೆ ಸ್ಟಾರ್ಟ್ ಮಾಡುವುದು, ಐದು ಸಲ. ದೂರದಲ್ಲಿ ಸೇತುವೆಯ ಮೇಲೆ ಲೋಕಲ್ ಗಾಡಿ ಹೋಗುತ್ತಿತ್ತು.

ಮೊದಲ ಮೂರು ಸಲ ಮಗಳು ತನ್ನ ಗುಂಡಿ ಎಳೆದಳು, ಎಂಜಿನ್ ನಿಂತಿತು, ಒಳಗೆ ತಳ್ಳಿದಳು, ಸ್ಟಾರ್ಟ್ ಆಯಿತು. ನಾಲ್ಕನೇ ಸಲ ನಿಂತಿತು. ತಳ್ಳಿದಳು. ಕೀಲಿ ತಿರುಗಿಸಿದಳು. ಎಂಜಿನ್ ತಿರುಗಿತು, ಹೊತ್ತಿಕೊಳ್ಳಲಿಲ್ಲ. ಮತ್ತೆ ತಿರುಗಿಸಿದಳು.

"ಕಾಕಾ, ಚಾಲೂಚ್ ಹೋತ್ ನಾಹೀ," ಎಂದಳು. ಸ್ಟಾರ್ಟೇ ಆಗುತ್ತಿಲ್ಲ ಎಂದು.

ಲಿವರ್ ನ್ಯೂಟ್ರಲ್‌ನಲ್ಲಿದೆಯೇ ನೋಡಿದೆ. ಇತ್ತು. ಅವಳ ಗುಂಡಿ ಪೂರ್ತಿ ಒಳಗಿತ್ತು. ಡೀಸೆಲ್ ನಳ ತೆರೆದಿತ್ತು. ಎಂಜಿನ್ ಪೆಟ್ಟಿಗೆಯ ಮುಚ್ಚಳ ಮಾಲೀಕರ ಕಾಲ ಕೆಳಗಿತ್ತು; ಅವರನ್ನು ಪಕ್ಕಕ್ಕೆ ಸರಿಸಿ, ಮುಚ್ಚಳ ತೆಗೆದು, ಡೀಸೆಲ್ ಕೊಳವೆಯ ಗಾಳಿ ತೆಗೆಯುವ ಸ್ಕ್ರೂ ಸಡಿಲಿಸಿದೆ. ಡೀಸೆಲ್ ಬಂತು. ಗಾಳಿ ಇರಲಿಲ್ಲ. ಬಿಗಿಮಾಡಿ, "ಹೊಡೀರಿ," ಎಂದೆ. ಎಂಜಿನ್ ಮೊದಲಿಗಿಂತ ನಿಧಾನವಾಗಿ ತಿರುಗಿತು. ಬ್ಯಾಟರಿ ಇಳಿಯುತ್ತಿತ್ತು.

"ಶೇಠ್, ಪೂಲ್," ಎಂದ ತಾಂಡೇಲ. ಸೇತುವೆ. ಅವನು ಕೂಗಲಿಲ್ಲ, ಹೇಳಿದ.

ಸೇತುವೆಯ ಕಂಬದ ಬುಡದಲ್ಲಿ ನೀರು ಎರಡಾಗಿ ಸೀಳುವ ಸದ್ದು ಕೇಳಿಸುತ್ತಿತ್ತು. ತಾಂಡೇಲ ಲಂಗರು ಬಿಟ್ಟ. ಹಗ್ಗ ಓಡಿತು, ಬಿಗಿಯಾಯಿತು, ಮೂತಿ ಸಮುದ್ರದ ಕಡೆಗೆ ತಿರುಗಿತು, ಆಮೇಲೆ ಹಗ್ಗ ನಡುಗತೊಡಗಿತು. ಲಂಗರು ಕೆಸರಿನಲ್ಲಿ ಜಾರುತ್ತಿತ್ತು. ದೋಣಿ ನಿಧಾನವಾಯಿತು, ನಿಲ್ಲಲಿಲ್ಲ. ಕೂವೆಮರದ ತುದಿ ಮತ್ತು ಸೇತುವೆಯ ತೊಲೆಯನ್ನು ಒಂದೇ ನೋಟದಲ್ಲಿ ನೋಡಬಹುದಾದಷ್ಟು ಹತ್ತಿರ ಬಂದಿದ್ದೆವು. ಮರ ತೊಲೆಗೆ ತಾಗಿದರೆ ಏನಾಗುತ್ತದೆ ಎಂದು ಯಾರೂ ಕೇಳಲಿಲ್ಲ. ಮೇಲೆ ಮರ ಸಿಕ್ಕಿಕೊಂಡ ದೋಣಿಯನ್ನು ಕೆಳಗಿನಿಂದ ನೀರು ಮಗುಚುತ್ತದೆ.

ಎಂಜಿನ್ನಿನ ನಿಲುಗಡೆಯ ತೋಳಿಗೆ ಬೆರಳಿಟ್ಟೆ. ಅದು ಹಿಂದಕ್ಕೆ ಬಂದಿರಲಿಲ್ಲ. ಬೆರಳಿನಿಂದ ತಳ್ಳಿದೆ, ಅಲುಗಲಿಲ್ಲ. ಯಾವುದೋ ಕೇಬಲ್ ಅದನ್ನು ಹಿಡಿದಿತ್ತು. ತಲೆ ಎತ್ತಿದೆ. ಮಾಲೀಕರು ಪಕ್ಕಕ್ಕೆ ಸರಿದು ಗೋಡೆಗೆ ಒರಗಿ ನಿಂತಿದ್ದರು. ಅವರ ಮೊಣಕಾಲಿನ ಹಿಂದೆ ಕೆಂಪು ಗುಂಡಿ ಒಂದು ಇಂಚು ಹೊರಗಿತ್ತು. ಅವರನ್ನು ಕೈಯಿಂದ ತಳ್ಳಿಬಿಟ್ಟೆ, ಗುಂಡಿ ಒಳಗೆ ಗುದ್ದಿದೆ, "ಹೊಡೀ" ಎಂದೆ. ಎಂಜಿನ್ ಅರ್ಧ ಸುತ್ತು ತಿರುಗಿ, ತಡೆದು, ಇನ್ನರ್ಧ ತಿರುಗಿ ಹೊತ್ತಿಕೊಂಡಿತು. ಮಗಳು ಯಾರಿಗೂ ಏನೂ ಕೂಗದೆ ಎಡಗೈಯಿಂದ ಲಿವರನ್ನು ಮುಂದಕ್ಕೆ, ಪೂರ್ತಿ ಮುಂದಕ್ಕೆ ಒತ್ತಿದಳು. ದೋಣಿ ಸೇತುವೆಯ ನೆರಳಿನಿಂದ ಹೊರಗೆ ಬಂತು. ಕಂಬಕ್ಕೂ ನಮಗೂ ಉಳಿದಿದ್ದದ್ದು ಎರಡು ದೋಣಿಯ ಉದ್ದ. ಇದು ತಾಂಡೇಲನ ಅಂದಾಜು. ನನ್ನದು ಅದಕ್ಕಿಂತ ಕಡಿಮೆ.

ಧಕ್ಕೆಗೆ ಕಟ್ಟಿದ ಮೇಲೆ ಕೇಳಿದೆ. ಮಾಲೀಕರು ಮರೆಮಾಚಲಿಲ್ಲ.

"ಅವಳು ನಿಲ್ಸುವಾಗ ನಾನೂ ಎಳೆದೆ. ಜತೆಗೆ ಇರ್ಲಿ ಅಂತ."

"ಒಳಗ ತಳ್ಳಲಿಲ್ಲಲ್ರೀ."

"ಅವಳು ತಳ್ಳಿದಳಲ್ಲ. ನನ್ನದೂ ಹೋಯ್ತು ಅಂತ ಮಾಡಿದೆ."

ಆ ಮಧ್ಯಾಹ್ನವೇ ಹಳೆಯ ಗುಂಡಿಯನ್ನು ಬಿಚ್ಚಿದೆ. ಮಗಳು ನೀರಿಗೆ ಬಿದ್ದರೆ ಎಂಬ ಪ್ರಶ್ನೆಗೆ ಉತ್ತರವಾಗಿ, ಚುಕ್ಕಾಣಿ ಬಳಿಯ ಗುಂಡಿಗೆ ಒಂದು ದಾರ ಕಟ್ಟಿ ಅದರ ಇನ್ನೊಂದು ತುದಿಯನ್ನು ಅವಳ ಸೊಂಟಕ್ಕೆ ಸಿಕ್ಕಿಸುವ ವ್ಯವಸ್ಥೆ ಮಾಡಿದೆ. ಬಿದ್ದರೆ ಅದೇ ಎಳೆಯುತ್ತದೆ. ಕೊಂಡಿಯನ್ನು ಒಂಟಿ ಮಾಡಿದೆ. ಗೋಡೆಯ ತೂತಿಗೆ ತೇಗದ ಬಿರಡೆ ಹೊಡೆದು, ಉಜ್ಜಿ, ವಾರ್ನಿಶ್ ಬಳಿದೆ. ಮಾಲೀಕರು ಪಕ್ಕದಲ್ಲೇ ಕೂತು ನೋಡುತ್ತಿದ್ದರು. ನಾನು ಕೇಬಲ್ ಸುತ್ತುವಾಗ ಕೇಳಿದರು: "ಅದು ಎಷ್ಟು ಉದ್ದ ಉಂಟು?"

"ಒಂಬತ್ತು ಅಡಿ."

"ಆ ಗುಂಡಿ ಕೊಡಿ. ದೋಣಿಯ ಸಾಮಾನು ದೋಣಿಯಲ್ಲಿ ಇರ್ಲಿ."

ಗುಂಡಿ ಕೊಟ್ಟೆ. ಕೇಬಲ್ ನಾನು ತಂದೆ. ಅದು ಈಗಲೂ ಶೆಡ್ಡಿನ ಮೊಳೆಯಲ್ಲಿ ನೇತಾಡುತ್ತಿದೆ. ಅಂಥ ಕೇಬಲ್ ವಾಶಿಯ ಯಾವ ಸೈಕಲ್ ಅಂಗಡಿಯಲ್ಲೂ ಸಿಗುತ್ತದೆ.

ನಂತರದ ಮೂರು ಭಾನುವಾರ ದೋಣಿ ಹೋಗಿ ಬಂದಿದೆ. ಎರಡು ಸಲ ನಾನೂ ಧಕ್ಕೆಯಲ್ಲಿದ್ದೆ. ಮಗಳು ಒಬ್ಬಳೇ ಲಿವರ್ ನಡೆಸಿ, ಹಗ್ಗ ಒಗೆಯುವಷ್ಟು ಹತ್ತಿರ ತಂದು, ನಿಲ್ಲಿಸಿದಳು. ಮಾಲೀಕರು ಮೆಟ್ಟಿಲ ಮೇಲೆ ಕೈ ಕಟ್ಟಿ ಕೂತಿದ್ದರು. ಎರಡನೇ ಸಲ ಅವರ ಬಲಗೈ ಬಿರಡೆಯ ಮೇಲಿತ್ತು.

ಜನವರಿ ಮೂರನೇ ಶನಿವಾರ ಸಂಜೆ ಐದಕ್ಕೆ ತಾಂಡೇಲ ಒಂದು ಫೋಟೋ ಕಳಿಸಿದ. ದೋಣಿಯೊಳಗಿನ ನೀರು ತೋಡಲು ಹೋದಾಗ ತೆಗೆದದ್ದು. ಕೆಳಗೆ ಎರಡು ಪದ: "ಶೇಠ್‌ನೇ ಲಾವ್ಲಾ." ಶೇಠ್ ಹಾಕಿದ್ದು. ಮೆಟ್ಟಿಲ ಬಲಗೋಡೆಯಲ್ಲಿ, ಬಿರಡೆ ಇದ್ದ ಜಾಗದಲ್ಲಿ, ಕೆಂಪು ಗುಂಡಿ ಇತ್ತು. ಐದು ಇಪ್ಪತ್ತಕ್ಕೆ ಮಾಲೀಕರಿಗೆ ಫೋನ್ ಮಾಡಿದೆ.

"ಚಂದಕ್ಕೆ ಮಾರಾಯ್ರೆ," ಅಂದರು. "ಗೋಡೆಯಲ್ಲಿ ತೂತು ಇದ್ರೆ ಚಂದ ಕಾಣುದಿಲ್ಲ."

ಐದೂವರೆಗೆ ಫೋಟೋವನ್ನು ಮಗಳಿಗೆ ಕಳಿಸಿದೆ. ಏಳಕ್ಕೆ ಉತ್ತರ ಬಂತು: "ಬಾಬಾಂನಾ ವಿಚಾರ್ತೇ." ಅಪ್ಪನನ್ನು ಕೇಳುತ್ತೇನೆ. ಅದರ ನಂತರ ಏನೂ ಬಂದಿಲ್ಲ.

ನಾಳೆ ಭಾನುವಾರ. ಬೆಳಿಗ್ಗೆ ಒಂಬತ್ತರ ಇಳಿತದ ಜೊತೆ ಹೊರಟು, ಮಧ್ಯಾಹ್ನ ಮೂರರ ನಂತರದ ಉಬ್ಬರದ ಜೊತೆ ಮರಳುವುದೆಂದು ನಿಗದಿಯಾಗಿದೆ. ಏಳೂ ಹತ್ತರ ಲೋಕಲ್ ಹಿಡಿದರೆ ನಾನು ಒಂಬತ್ತರೊಳಗೆ ಧಕ್ಕೆ ಮುಟ್ಟಬಹುದು. ಫೋಟೋವನ್ನು ದೊಡ್ಡದು ಮಾಡಿ ನೋಡಿದ್ದೇನೆ. ಗುಂಡಿ ಪೂರ್ತಿ ಒಳಗಿದೆ. ಹಿಂದೆ ಕೇಬಲ್ ಇದೆಯೇ ಇಲ್ಲವೇ ಫೋಟೋದಲ್ಲಿ ಕಾಣುವುದಿಲ್ಲ.